ನೀಲವ್ವನ ಭುಜ, ಬೆಣ್ಣಿಹಳ್ಳದ ನೀರು

೧೯೮೬ರಲ್ಲಿ ನಾನು ನವಲಗುಂದದ ಸರ್ಕಾರಿ ಆಸ್ಪತ್ರೆಯಲ್ಲಿ ಎಲುಬು-ಕೀಲುಗಳ ವೈದ್ಯನಾಗಿದ್ದೆ. ಎಲುಬು ಮುರಿದವರು ಬಾರದ ದಿನ ಜ್ವರ, ಕೆಮ್ಮು, ಚೇಳು ಕಡಿತ ಎಲ್ಲವನ್ನೂ ನಾನೇ ನೋಡಬೇಕಾಗುತ್ತಿತ್ತು. ಹುಟ್ಟಿ ಬೆಳೆದದ್ದು ಧಾರವಾಡ, ಸ್ವಭಾವ ಅಂಜುಬುರುಕ. ಈ ಮನುಷ್ಯ ಕೈ ಕುಲುಕುವ ಮೊದಲೂ ಎಕ್ಸ್‌ರೇ ತೆಗೆಸುತ್ತಾನೆ ಎಂದು ಗೆಳೆಯರು ಚೇಷ್ಟೆ ಮಾಡುತ್ತಿದ್ದರು. ನನ್ನ ಅಂಜಿಕೆಗಳಲ್ಲಿ ಎಲ್ಲಕ್ಕಿಂತ ದೊಡ್ಡದು ನೀರಿನ ಅಂಜಿಕೆ. ಚಿಕ್ಕವನಿದ್ದಾಗ ಸೋದರಮಾವನ ಊರಿನ ಬಾವಿಯಲ್ಲಿ ಜಾರಿ ಬಿದ್ದಿದ್ದೆ, ಯಾರೋ ಜುಟ್ಟು ಹಿಡಿದು ಎಳೆದು ಹಾಕಿದ್ದರು. ಅಂದಿನಿಂದ ಮೊಣಕಾಲು ದಾಟುವ ನೀರಿಗೂ ನನಗೂ ಮಾತುಕತೆ ಬಂದ್. ಅಂಥ ನನ್ನ ಪಾಲಿಗೆ ಮರೆಯಲಾಗದ ರೋಗಿಯಾಗಿ ಬಂದವಳು ಒಬ್ಬ ಈಜುಗಾರ್ತಿ.

ಯುಗಾದಿ ಮುಗಿದು ಬಿಸಿಲು ಏರಿದ ದಿನಗಳು. ಯಮನೂರಿನ ಆಚೆ, ಬೆಣ್ಣಿಹಳ್ಳದ ದಂಡೆಯ ಒಂದು ಹಳ್ಳಿಯಿಂದ ಫಕ್ಕೀರಪ್ಪ ಎಂಬ ರೈತ ತನ್ನ ಮಗಳು ನೀಲವ್ವನನ್ನು ಕರೆದುಕೊಂಡು ಬಂದ. ಹುಡುಗಿ ಆಗಷ್ಟೇ ಎಸ್ಸೆಸ್ಸೆಲ್ಸಿ ಬರೆದು ಕುಳಿತಿದ್ದಳು. ತೆಳ್ಳನೆಯ, ಉದ್ದ ಕೈಗಳ ಹುಡುಗಿ. ಶಾಲೆಯ ಥ್ರೋಬಾಲ್ ತಂಡದಲ್ಲಿ ಆಡುತ್ತಿದ್ದಳಂತೆ. ಅಪ್ಪ ಕುರ್ಚಿಯ ಮೇಲೆ ಕೂಡುವ ಮೊದಲೇ ವಿಷಯಕ್ಕೆ ಬಂದ.

"ಡಾಕ್ಟರ್ ಸಾಹೇಬ್ರ, ಈಕಿ ಬಲಗೈ ಭುಜ ಬಿಗಿ ಆಗೇತ್ರಿ. ಈಜೂ ಮುಂದ ಕೈ ಸರಿಯಾಗಿ ಏಳವಲ್ದು. ನೀವು ಅಷ್ಟ ಸಡ್ಲ ಮಾಡಿ ಕೊಡ್ರಿ."

ನಮ್ಮ ಕಡೆ ಹೆಣ್ಣುಮಗಳು ಈಜುವುದು ಎಂದರೆ ನಾಲ್ಕು ಜನ ತಿರುಗಿ ನೋಡುವ ಸಂಗತಿ. ಊರ ಕೆರೆ ಕುಡಿಯುವ ನೀರಿನದು, ಅದಕ್ಕೆ ಯಾರೂ ಕಾಲಿಡುವಂತಿಲ್ಲ. ಆದರೆ ಊರ ಹೊರಗೆ ಸವಳು ನೀರಿನ ಒಂದು ದೊಡ್ಡ ಬಾವಿ ಇತ್ತು. ಕುಡಿಯಲು ಬಾರದ ಆ ಉಪ್ಪು ನೀರಿನಲ್ಲಿ ಫಕ್ಕೀರಪ್ಪ ಮಗಳಿಗೆ ಬೆನ್ನಿಗೆ ಬೆಂಡು ಕಟ್ಟಿ ಈಜು ಕಲಿಸಿದ್ದ. ಈಗ ಅವಳು ಬೆಂಡಿಲ್ಲದೆ ಗಂಡು ಹುಡುಗರನ್ನು ಹಿಂದೆ ಹಾಕುತ್ತಾಳೆ ಎಂದು ಹೇಳುವಾಗ ಅವನ ಮೀಸೆ ತಾನಾಗಿ ಅರಳಿತು.

ಭುಜದ ಕೀಲಿನ ಬಗ್ಗೆ ಒಂದು ಮಾತು ಹೇಳಬೇಕು. ತೊಡೆಯ ಕೀಲು ಒರಳಿನಲ್ಲಿ ಕೂತ ಗುಂಡಿನ ಹಾಗೆ, ಆಳವಾಗಿ, ಭದ್ರವಾಗಿ ಇರುತ್ತದೆ. ಭುಜದ್ದು ಹಾಗಲ್ಲ. ಚಹದ ಬಸಿಯ ಮೇಲೆ ಮೋಸಂಬಿ ಇಟ್ಟಂತೆ. ಬಸಿ ಸಣ್ಣದು, ಹಣ್ಣು ದೊಡ್ಡದು. ಅದಕ್ಕೇ ಕೈ ಎಲ್ಲ ಕಡೆಗೂ ತಿರುಗುತ್ತದೆ, ಅದಕ್ಕೇ ಜಾರಲೂ ಜಾರುತ್ತದೆ. ಹಣ್ಣನ್ನು ಬಸಿಯ ಮೇಲೆ ಹಿಡಿದಿಡುವುದು ಸುತ್ತಲಿನ ಚೀಲದಂಥ ಪೊರೆ ಮತ್ತು ಅದರ ಮೇಲಿನ ಸಣ್ಣ ಸಣ್ಣ ಸ್ನಾಯುಗಳು. ಪೊರೆಗೆ ಕ್ಯಾಪ್ಸೂಲ್ ಎನ್ನುತ್ತೇವೆ, ಸ್ನಾಯುಗಳಿಗೆ ರೊಟೇಟರ್ ಕಫ್ ಎನ್ನುತ್ತೇವೆ. ಈಜುವವರು, ವಾಲಿಬಾಲ್ ಹೊಡೆಯುವವರು, ಭರ್ಚಿ ಎಸೆಯುವವರು ದಿನವೂ ಕೈಯನ್ನು ತಲೆಯ ಮೇಲೆ ಬೀಸಿ ಬೀಸಿ ಆ ಚೀಲವನ್ನು ಹಿಗ್ಗಿಸಿಕೊಳ್ಳುತ್ತಾರೆ. ಹುಟ್ಟಿನಿಂದಲೇ ಕೀಲು ಸಡಿಲವಿದ್ದವರಿಗಂತೂ ಕೇಳುವುದೇ ಬೇಡ.

ನೀಲವ್ವನ ಹೆಬ್ಬೆರಳನ್ನು ಮಣಿಕಟ್ಟಿನ ಕಡೆ ಬಗ್ಗಿಸಿದೆ, ಹೋಗಿ ಮುಂಗೈಗೆ ತಾಗಿತು. ಮೊಣಕೈ ನೆಟ್ಟಗೆ ನಿಲ್ಲುವ ಬದಲು ಹಿಂದಕ್ಕೆ ಬಾಗಿತು. ಇಳಿಬಿಟ್ಟ ಕೈಯನ್ನು ಮೆಲ್ಲಗೆ ಕೆಳಗೆ ಜಗ್ಗಿದಾಗ ಭುಜದ ತುದಿಯ ಕೆಳಗೆ ಹೆಬ್ಬೆರಳು ಇಡುವಷ್ಟು ತಗ್ಗು ಬಿತ್ತು. ಇದು ಬಿಗಿಯಾದ ಭುಜ ಅಲ್ಲವೇ ಅಲ್ಲ. ಮುಂದೆ, ಹಿಂದೆ, ಕೆಳಗೆ, ಮೂರೂ ಕಡೆ ಜಾರುವ ಭುಜ. ಜಾರದಿರಲಿ ಎಂದು ಸ್ನಾಯುಗಳು ಬಿಗಿದು ಹಿಡಿದಿದ್ದವು, ಆ ಹಿಡಿತವನ್ನೇ ಅಪ್ಪ ಬಿಗಿ ಎಂದು ತಿಳಿದಿದ್ದ.

ಇಂಥ ಭುಜಕ್ಕೆ ನಮ್ಮಲ್ಲಿ ಅಪ್ರಿಹೆನ್ಶನ್ ಟೆಸ್ಟ್ ಎಂಬ ಒಂದು ಪರೀಕ್ಷೆ ಇದೆ. ಕನ್ನಡದಲ್ಲಿ ಹೇಳಬೇಕೆಂದರೆ ಅಂಜಿಕೆಯ ಪರೀಕ್ಷೆ. ರೋಗಿಯನ್ನು ಮಲಗಿಸಿ, ಕೈಯನ್ನು ಕಲ್ಲು ಎಸೆಯುವವರ ಹಾಗೆ ಮೇಲಕ್ಕೆತ್ತಿ, ಮೆಲ್ಲಗೆ ಹಿಂದಕ್ಕೆ ತಿರುಗಿಸಬೇಕು. ಆಗ ವೈದ್ಯ ನೋಡಬೇಕಾದದ್ದು ಭುಜವನ್ನಲ್ಲ, ಮುಖವನ್ನು. ಕೀಲು ಜಾರಿಬಿಡುತ್ತದೆ ಎಂಬ ಹೆದರಿಕೆ ಮುಖದಲ್ಲಿ ಮೂಡಿದರೆ ರೋಗ ಇದೆ ಎಂದು ಅರ್ಥ.

ಸಿಸ್ಟರ್ ಒಬ್ಬರನ್ನು ಬಾಜು ನಿಲ್ಲಿಸಿಕೊಂಡು ಪರೀಕ್ಷೆ ಮಾಡಿದೆ. ನೀಲವ್ವನ ಮುಖ ಕಲ್ಲಿನ ಹಾಗಿತ್ತು, ರೆಪ್ಪೆ ಕೂಡ ಅಲುಗಲಿಲ್ಲ. ಆದರೆ ಅವಳ ಎಡಗೈ ಮಂಚದ ಪಟ್ಟಿಯನ್ನು ಹಿಡಿದಿತ್ತು, ಕಾಲಿನ ಬೆರಳುಗಳು ಮಡಿಚಿಕೊಂಡಿದ್ದವು. ಫಕ್ಕೀರಪ್ಪನಿಗೆ ಹೊರಗೆ ಚಹ ಕುಡಿದು ಬಾ ಎಂದೆ. ಅವನು ಬಾಗಿಲು ದಾಟಿದ ಮೇಲೆ ಮತ್ತೊಮ್ಮೆ ಕೈ ಎತ್ತಿದೆ. ಈ ಸಲ ಹುಡುಗಿಯ ಕಣ್ಣು ಅಗಲವಾದವು, ಬಾಯಿ ತೆರೆಯಿತು, ನನ್ನ ಕೈಯನ್ನು ಎಡಗೈಯಿಂದ ಗಟ್ಟಿಯಾಗಿ ಹಿಡಿದುಬಿಟ್ಟಳು.

"ನೀರಾಗ ಏನಾಗತೈತಿ ತಂಗಿ?" ಎಂದು ಕೇಳಿದೆ.

"ಈಜಾಕ ಕೈ ಮುಂದಕ್ಕ ಒಗದಾಗ ಒಮ್ಮಿಗೇ ಸತ್ತಂಗ ಆಗತೈತ್ರಿ ಸರ. ಇದು ನಂದಾ ಕೈ ಹೌದೋ ಅಲ್ಲೋ ಅನಸ್ತೈತಿ. ಒಂದೆರಡು ಗುಟುಕು ನೀರು ಕುಡೀತೀನಿ. ಆಮ್ಯಾಲೆ ತಾನ ಬರತೈತಿ." ಸ್ವಲ್ಪ ತಡೆದು ಹೇಳಿದಳು, "ಅಪ್ಪಗ ಹೇಳಬ್ಯಾಡ್ರಿ."

ಆಟದ ಮೈದಾನದಲ್ಲಿ ಭುಜ ಜಾರಿದರೆ ಹುಡುಗಿ ಕೂತು ಅಳುತ್ತಾಳೆ. ನಡುಬಾವಿಯಲ್ಲಿ ಜಾರಿದರೆ ಕೂಡಲು ಜಾಗ ಎಲ್ಲಿದೆ?

ಫಕ್ಕೀರಪ್ಪ ಚಹ ಮುಗಿಸಿ ಒಳಗೆ ಬಂದಾಗ, ಮನೆಯಲ್ಲಿ ಇದಕ್ಕೆ ಏನು ಉಪಚಾರ ಮಾಡುತ್ತೀರಿ ಎಂದು ಕೇಳಿದೆ. ಅವನು ಹುರುಪಿನಿಂದ ಎದ್ದ. ಬಾಯಲ್ಲಿ ಹೇಳುವ ಬದಲು ಮಗಳ ಹಿಂದೆ ಹೋಗಿ ನಿಂತು, ಅವಳ ಎರಡೂ ಮೊಣಕೈ ಹಿಡಿದು, ಬೆನ್ನ ಹಿಂದೆ ಅವು ಒಂದಕ್ಕೊಂದು ಮುಟ್ಟುವ ತನಕ ಜಗ್ಗಿದ.

"ದಿನಾ ಸಂಜಿಕ ಔಡಲ ಎಣ್ಣಿ ಹಚ್ಚಿ ಹಿಂಗ ಕೀಲು ಬಿಡಸ್ತೀನ್ರಿ. ಕೂಸಿಗೆ ನೀರು ಹಾಕೂ ಮುಂದ ಮುದುಕ್ಯಾರು ಕೈ ಹಿಂದಕ್ಕ ಮುಂದಕ್ಕ ಜಗ್ಗೂದಿಲ್ಲೇನ್ರಿ? ಹಂಗ. ಕೀಲು ಸಡ್ಲಿದ್ದಷ್ಟೂ ಕೈ ಉದ್ದ ಹೋಗತೈತಿ."

"ಬಿಡ್ರಿ, ಬಿಡ್ರಿ ಮೊದಲ," ಎಂದು ನಾನು ಕುರ್ಚಿಯಿಂದ ಎದ್ದುಬಿಟ್ಟೆ.

ನಮ್ಮ ಕಡೆ ಹಸುಗೂಸಿಗೆ ಎಣ್ಣೆ ಹಚ್ಚಿ ಎರೆಯುವಾಗ ಕೈಕಾಲು ಜಗ್ಗಿ, ಎದೆಯ ಮೇಲೆ ಅಡ್ಡಡ್ಡ ಕೂಡಿಸಿ ಬಿಡಿಸುವ ಪದ್ಧತಿ ಮನೆಮನೆಯಲ್ಲೂ ಇದೆ. ಫಕ್ಕೀರಪ್ಪ ಬಾಣಂತಿ ಕೋಣೆಯ ಆ ವಿದ್ಯೆಯನ್ನು ಬೆಳೆದ ಮಗಳ ಭುಜಕ್ಕೆ ತಂದಿದ್ದ. ಭುಜ ನೋಯಿತು ಎಂದರೆ ಬಿಗಿಯಾಗಿದೆ ಎಂದು ಇನ್ನಷ್ಟು ಜಗ್ಗುವುದು, ಜಗ್ಗಿದಷ್ಟೂ ಚೀಲ ಹಿಗ್ಗುವುದು, ಹಿಗ್ಗಿದಷ್ಟೂ ನೋವು. ಪ್ರೀತಿಯಿಂದ, ಎಣ್ಣೆ ಹಚ್ಚಿ, ಆ ಮನುಷ್ಯ ದಿನಾ ಸಂಜೆ ಮಗಳನ್ನು ನೀರಿನ ಪಾಲು ಮಾಡಲು ತಯಾರು ಮಾಡುತ್ತಿದ್ದ. ಅದನ್ನು ಹಾಗೆ ಬಾಯಿಬಿಟ್ಟು ಹೇಳಲು ನನಗೆ ನಾಲಿಗೆ ಏಳಲಿಲ್ಲ. ಜಗ್ಗುವುದನ್ನು ಇವತ್ತೇ ಬಿಡಬೇಕು, ಇನ್ನು ಮೇಲೆ ಹುಡುಗಿ ನೀರಿಗೆ ಇಳಿಯಕೂಡದು ಎಂದೆ.

ಜಗ್ಗುವುದನ್ನು ಬಿಡುವ ಮಾತಿಗೆ ಅವನು ತಲೆಯಾಡಿಸಿದ. ಎರಡನೆಯದಕ್ಕೆ ಒಪ್ಪಲಿಲ್ಲ. ಆಮೇಲೆ ಮಗಳಿಗೆ ಹೊರಗೆ ಹೋಗೆಂದು ಸನ್ನೆ ಮಾಡಿದ.

"ಈಕೀಕಿಂತ ದೊಡ್ಡಾಂವ ಒಬ್ಬ ಮಗ ಇದ್ದರಿ, ಮುತ್ತು ಅಂತ. ನಮ್ಮ ಹೊಲ ಹಳ್ಳದ ಆಚಿ ದಂಡಿಗೈತಿ. ಮ್ಯಾಲೆ ಕುಂದಗೋಳ ಕಡೆ ಮಳಿ ಆದರ ಇಲ್ಲಿ ಬಿಸಲಿದ್ದಾಗ ನೀರು ಬರತಾವರಿ. ಬೆಣ್ಣಿಹಳ್ಳಕ್ಕ ಹೇಳಿ ಕೇಳಿ ಬರೂ ರೂಢಿ ಇಲ್ಲ. ಅಂವಗ ಈಜು ಬರತಿರಲಿಲ್ರಿ." ಅವನು ತಲೆಗೆ ಸುತ್ತಿದ ಪಟಕದ ತುದಿಯಿಂದ ಮುಖ ಒರೆಸಿಕೊಂಡ. "ಈಕಿನ್ನ ನೀರಿಗೆ ಬಿಡಬ್ಯಾಡ ಅಂತೀರಿ. ಹಳ್ಳ ಈಕಿನ್ನ ಬಿಡತೈತೇನ್ರಿ?"

ನಾನು ಹುಡುಗಿ ಈಜಿದರೆ ಸಾಯುತ್ತಾಳೆ ಎಂದು ಹೆದರಿದ್ದೆ. ಅವನು ಈಜದಿದ್ದರೆ ಸಾಯುತ್ತಾಳೆ ಎಂದು ಹೆದರಿದ್ದ. ಇಬ್ಬರ ಹೆದರಿಕೆಯೂ ಸುಳ್ಳಾಗಿರಲಿಲ್ಲ.

ಹುಬ್ಬಳ್ಳಿಯಲ್ಲಿದ್ದ ನನ್ನ ಹಿರಿಯ ಸರ್ಜನ್ ಒಬ್ಬರ ಹತ್ತಿರ ಅಪ್ಪ ಮಗಳು ಇಬ್ಬರನ್ನೂ ಕರೆದುಕೊಂಡು ಹೋದೆ. ಅವರು ಭುಜ ನೋಡಿ, ಇಷ್ಟು ಸಡಿಲ ಇರುವವರಿಗೆ ಅವಸರ ಮಾಡಿ ಕತ್ತರಿ ಹಾಕಬಾರದು, ಒಂದು ಕಡೆ ಬಿಗಿದರೆ ಇನ್ನೊಂದು ಕಡೆ ಜಾರುತ್ತದೆ ಎಂದರು. "ಮೊದಲ ಸ್ನಾಯು ಗಟ್ಟಿ ಮಾಡು. ತಿಂಗಳುಗಟ್ಟಲೆ ಹಿಡೀತದ. ನಿನಗ ತಾಳ್ಮಿ ಅದನೋ ಇಲ್ಲೋ ಅಷ್ಟ ಪ್ರಶ್ನೆ," ಎಂದು ನಕ್ಕರು.

ತಾಳ್ಮೆ ನನಗೆ ಬೇಕಾದಷ್ಟಿತ್ತು, ಇಲ್ಲದ್ದು ಸಾಮಾನು. ನವಲಗುಂದದಲ್ಲಿ ಫಿಸಿಯೋಥೆರಪಿ ಎಂಬ ಶಬ್ದವನ್ನೇ ಯಾರೂ ಕೇಳಿರಲಿಲ್ಲ. ಸೈಕಲ್ ಅಂಗಡಿಯಿಂದ ಹಳೆಯ ಟ್ಯೂಬ್ ತರಿಸಿ, ಬಾಗಿಲ ಚಿಲಕಕ್ಕೆ ಕಟ್ಟಿಸಿದೆ. ಮೊಣಕೈಯನ್ನು ಪಕ್ಕೆಲುಬಿಗೆ ಅಂಟಿಸಿಕೊಂಡು ಟ್ಯೂಬನ್ನು ಹೊರಕ್ಕೆ ಜಗ್ಗುವುದು, ಮತ್ತೆ ಒಳಕ್ಕೆ ಜಗ್ಗುವುದು. ಇದರಿಂದ ಹಣ್ಣನ್ನು ಬಸಿಯ ಮೇಲೆ ಹಿಡಿಯುವ ಸಣ್ಣ ಸ್ನಾಯುಗಳಿಗೆ ಬಲ ಬರುತ್ತದೆ. ಬಸಿಯೇ ಅಲ್ಲಾಡಬಾರದಲ್ಲ, ಅದಕ್ಕೆ ಗೋಡೆಗೆ ಅಂಗೈ ಒತ್ತಿ ನಿಂತು ಗೋಡೆಯನ್ನು ನೂಕುವುದು. ಹೆಗಲ ಹಿಂದಿನ ರೆಕ್ಕೆ ಎಲುಬನ್ನು ಹಿಡಿಯುವ ಸ್ನಾಯುಗಳಿಗೆ ಇದು ವ್ಯಾಯಾಮ. ಜೋಳ ಬೀಸುವ ಕಲ್ಲನ್ನು ಬಲಕ್ಕೂ ಎಡಕ್ಕೂ ತಿರುಗಿಸಲು ಹೇಳಿದೆ, ಆ ಕೆಲಸದಲ್ಲಿ ಕೈ ಭುಜದ ಮಟ್ಟ ದಾಟುವುದಿಲ್ಲ. ಇದು ಬಹಳ ಚಲೋ ಔಷಧ, ಇನ್ನು ಮೇಲೆ ಬೀಸೂದೆಲ್ಲ ನೀನ ಬೀಸು ಎಂದು ಅವಳ ತಾಯಿ ಮಗಳಿಗೆ ಹೇಳಿದಳಂತೆ. ನೀಲವ್ವ ಮೊದಲ ಬಾರಿ ನನ್ನ ಮುಂದೆ ನಕ್ಕದ್ದು ಇದನ್ನು ಹೇಳುವಾಗ.

ಥ್ರೋಬಾಲ್ ಬಂದ್, ಬಾವಿಗೆ ಮೇಲಿಂದ ಜಿಗಿಯುವುದು ಬಂದ್. ನೀರಿಗೆ ಇಳಿಯಕೂಡದು ಎಂಬ ನನ್ನ ಮಾತನ್ನು ಮಾತ್ರ ಹಿಂದಕ್ಕೆ ತೆಗೆದುಕೊಂಡೆ. ಈಜಿನಲ್ಲಿ ಕೈಯನ್ನು ಮುಖದ ಮುಂದೆ ಅಡ್ಡ ತರದೆ ಭುಜದ ನೇರಕ್ಕೆ ನೀರಿಗೆ ಹಾಕಬೇಕು, ಬರೀ ಕೈಯನ್ನು ಎತ್ತದೆ ಇಡೀ ಮೈಯನ್ನು ಹೊರಳಿಸಬೇಕು ಎಂದು ಹೇಳಿಕೊಟ್ಟೆ. ಈಜು ಬಾರದವನು ಈಜುಗಾರ್ತಿಗೆ ಈಜು ಕಲಿಸಿದ್ದು ಹೀಗೆ, ಆಸ್ಪತ್ರೆಯ ಬೆಂಚಿನ ಮೇಲೆ ಬೋರಲು ಮಲಗಿಸಿ.

ಮಳೆಗಾಲ ಹತ್ತಿರ ಬಂತು. ಭುಜ ಸುಧಾರಿಸುತ್ತಿತ್ತು, ತಗ್ಗು ಕಡಿಮೆಯಾಗಿತ್ತು, ಕೈ ಸಾಯುವುದು ಅಪರೂಪವಾಗಿತ್ತು. ಆದರೂ ಮೋಡ ಕಂಡರೆ ನನಗೆ ಊಟ ಸೇರುತ್ತಿರಲಿಲ್ಲ. ಇಷ್ಟೆಲ್ಲ ಮಾಡಿಯೂ ಒಂದು ದಿನ ನಡುನೀರಿನಲ್ಲಿ ಜಾರಿಬಿಟ್ಟರೆ? ಆ ಪ್ರಶ್ನೆ ಚಪ್ಪಲಿಯಲ್ಲಿ ಸಿಕ್ಕ ಹರಳಿನ ಹಾಗೆ ಚುಚ್ಚುತ್ತಲೇ ಇತ್ತು. ಕೊನೆಗೆ ಒಂದು ರವಿವಾರ ಬಸ್ಸು ಹಿಡಿದು ಅವರ ಊರಿಗೇ ಹೋದೆ.

ಆ ಬಾವಿಯ ಅಂಚಿಗೆ ಹೋಗಿ ಬಗ್ಗಿ ನೋಡಿದೆ. ಕೆಳಗೆ ಹಸಿರುಗಟ್ಟಿದ ನೀರು, ಒಂದೇ ಕಡೆ ಕಡಿದಾದ ಮೆಟ್ಟಿಲು. ಅಪ್ಪನ ಹಳೆಯ ಅಂಗಿ ತೊಟ್ಟು ನೀಲವ್ವ ಇಳಿದಳು, ಫಕ್ಕೀರಪ್ಪ ಅವಳ ನಡುವಿಗೆ ಹಗ್ಗ ಕಟ್ಟಿ ತಾನೂ ಇಳಿದ. ನಾನು ಮೇಲಿನ ಮೆಟ್ಟಿಲ ಮೇಲೆ ಕೂತು, ಗೋಡೆಯ ಕಲ್ಲನ್ನು ಹಿಡಿದುಕೊಂಡೇ, ಯೋಚಿಸಿಕೊಂಡು ಬಂದದ್ದನ್ನು ಹೇಳಿದೆ. ಕೈ ಸತ್ತಿತು ಎಂದು ಗೊತ್ತಾದ ಕೂಡಲೇ ಇನ್ನೊಂದು ಸಲ ಎತ್ತಲು ಹೋಗಬೇಡ. ಅಂಗಾತ ಹೊರಳು. ಕೆಟ್ಟ ಕೈಯನ್ನು ಒಳ್ಳೆಯ ಕೈಯಿಂದ ಎದೆಗೆ ಅವಚಿಕೊ. ಮುಖ ಆಕಾಶಕ್ಕೆ. ಕಾಲು ಮಾತ್ರ ಬಡಿ, ನೀರು ಒಯ್ದ ಕಡೆ ಹೋಗುತ್ತ ದಂಡೆಯ ಕಡೆ ಸರಿ.

ಮೊದಲ ಸಲ ಮಾಡುವಾಗ ಅವಳ ಮೂಗಿಗೆ ನೀರು ಹೊಕ್ಕಿತು. ಎರಡನೆಯ ಸಲ ಮುಳುಗಿ ಎದ್ದಳು. ಆಮೇಲೆ ಸಾಧಿಸಿತು, ಎದೆಯ ಮೇಲೆ ಕೈ ಕಟ್ಟಿಕೊಂಡು, ಕಣ್ಣು ಮೇಲೆ ಮಾಡಿ, ನಡುಬಾವಿಯಲ್ಲಿ ತೇಲಿದಳು. ಆದರೆ ಫಕ್ಕೀರಪ್ಪ ಹಗ್ಗವನ್ನು ಜೊತೆಗೆ ಇಳಿದಿದ್ದ ತನ್ನ ಅಕ್ಕನ ಮಗನ ಕೈಗೆ ಕೊಟ್ಟು ಮೆಟ್ಟಿಲು ಹತ್ತಿ ಮೇಲೆ ಬಂದ. ಬಾವಿಗೆ ಬೆನ್ನು ಮಾಡಿ ಕೂತ.

"ಯಾಕ್ರಿ ಫಕ್ಕೀರಪ್ಪ, ನೋಡ್ರಿ, ಆಕಿಗೆ ಬರಾಕತ್ತೈತಿ," ಎಂದೆ.

"ಕಲಸ್ರಿ ಸಾಹೇಬ್ರ, ನಾ ಒಲ್ಲೆ ಅನ್ನೂದಿಲ್ಲ," ಎಂದ, ತಿರುಗದೆ. "ಆದರ ನನಗ ಅದನ್ನ ನೋಡಾಕ ಆಗೂದಿಲ್ಲ."

ದಣಿದಿರಬೇಕು ಎಂದುಕೊಂಡೆ.

ಮಹಾನವಮಿಗೆ ಮುಂಚಿನ ದಿನಗಳು. ಆ ಮಧ್ಯಾಹ್ನ ನವಲಗುಂದದಲ್ಲಿ ಹೊಳೆಯುವ ಬಿಸಿಲಿತ್ತು. ಹೊರರೋಗಿಗಳ ಸಾಲು ಕರಗುತ್ತ ಬಂದಾಗ ಆಸ್ಪತ್ರೆಯ ಮುಂದೆ ಒಂದು ಟ್ರ್ಯಾಕ್ಟರ್ ನಿಂತಿತು. ಟ್ರೇಲರಿನಿಂದ ಫಕ್ಕೀರಪ್ಪ ಇಳಿದ, ಪಟಕ ಇಲ್ಲ, ಮೈಯೆಲ್ಲ ರಾಡಿ, ಅಂಗಾಲು ಹರಿದು ನೆತ್ತರು ಸುರಿಯುತ್ತಿತ್ತು. ಅವನ ಹಿಂದೆ ಕಂಬಳಿ ಹೊದ್ದ ನೀಲವ್ವ. ನನಗೆ ಮೊದಲು ಕಂಡದ್ದು ಕಂಬಳಿ. ಕಂಬಳಿಯ ಒಳಗೆ ಏನಿದೆಯೋ ಎಂದು ಹೆದರಿದೆ. ಅವಳು ನಡೆದುಕೊಂಡೇ ಒಳಗೆ ಬಂದಳು.

ಬಲಭುಜ ಈ ಸಲ ಪೂರ್ತಿ ಜಾರಿ ಕೀಲಿನಿಂದ ಹೊರಗೆ ಬಂದಿತ್ತು. ಭುಜದ ದುಂಡು ಹೋಗಿ ಮೂಲೆ ಬಿದ್ದಿತ್ತು. ಬೆರಳುಗಳಲ್ಲಿ ಸ್ಪರ್ಶ ಇದೆ, ನಾಡಿ ಇದೆ ಎಂದು ನೋಡಿಕೊಂಡು, ನೋವಿಗೆ ಸೂಜಿ ಕೊಟ್ಟು, ಬೋರಲು ಮಲಗಿಸಿ ಕೈಯನ್ನು ಮಂಚದ ಕೆಳಗೆ ಇಳಿಬಿಟ್ಟೆ. ಸ್ನಾಯುಗಳು ಸಡಿಲಾಗಲು ಕಾದು ಮೆಲ್ಲಗೆ ತಿರುಗಿಸಿದಾಗ ಹಣ್ಣು ಬಸಿಗೆ ಮರಳಿ ಕೂತ ಸದ್ದು ಸಿಸ್ಟರಿಗೂ ಕೇಳಿಸಿತು. ಕೈಯನ್ನು ಬಟ್ಟೆಯ ಜೋಳಿಗೆಯಲ್ಲಿ ಎದೆಗೆ ಕಟ್ಟಿ ಇಟ್ಟ ಮೇಲೆ ಅವಳು ಮಾತನಾಡಿದಳು.

ಅಪ್ಪ ಮಗಳು ಉಳ್ಳಾಗಡ್ಡಿ ಕಿತ್ತು ಹಳ್ಳ ದಾಟುತ್ತಿದ್ದರಂತೆ. ಮೊಣಕಾಲು ನೀರು. ಅಪ್ಪ ಮುಂದೆ ದಂಡೆ ಹತ್ತಿದ್ದ, ಮಗಳು ನಡುವೆ ಇದ್ದಳು. ಮೇಲಿನಿಂದ ಕಸಕಡ್ಡಿ ನೂಕಿಕೊಂಡು ಕೆಂಪು ನೀರು ಬಂತು. ಕಾಲು ಕಿತ್ತಿತು. ಮೂರು ನಾಲ್ಕು ಕೈ ಒಗೆದಳು, ಏನೋ ಒಂದು ಬೊಡ್ಡೆ ಬಂದು ಕೈಗೆ ಬಡಿಯಿತು, ಭುಜ ಹೋಯಿತು.

"ಹೆದರಿಕಿ ಆತ್ರಿ ಸರ," ಎಂದಳು. ಅಪ್ಪ ಪಕ್ಕದಲ್ಲೇ ಇದ್ದ. ಅವಳು ಅವನ ಮುಂದೆ ಆ ಮಾತು ಹೇಳಿದ್ದನ್ನು ನಾನು ಅದೇ ಮೊದಲು ಕೇಳಿದ್ದು. "ಭಾಳ ಹೆದರಿಕಿ ಆತು. ನೀವು ಹೇಳಿದ್ದು ನೆನಪಾತು. ಅಂಗಾತ ಹೊಳ್ಳಿ ಕೈ ಅವಚಿಕೊಂಡ್ನಿ. ಅಪ್ಪ ದಂಡಿ ಮ್ಯಾಲಿಂದ ಕೈ ಒಗಿ, ಕೈ ಒಗಿ ಅಂತ ಒದರಾಕತ್ತಿದ್ದ. ಒಗೀಲಿಲ್ಲ. ಮುಂದ ಜಾಲಿಗಂಟಿಗೆ ಸಿಕ್ಕೊಂಡ್ನಿ. ಅಪ್ಪ ಬಂದು ಜಗ್ಗಿದ." ಆಮೇಲೆ ಅಪ್ಪನ ಕಡೆ ನೋಡಿ, "ಎಡಗೈ ಹಿಡದು ಜಗ್ಗಿದ," ಎಂದಳು.

ಆ ನಂತರವೂ ಅವಳ ಚಿಕಿತ್ಸೆ ಬಹಳ ದಿನ ನಡೆಯಿತು. ಜೋಳಿಗೆ ಬಿಚ್ಚಿ, ಮತ್ತೆ ಸೈಕಲ್ ಟ್ಯೂಬಿನಿಂದ ಮೊದಲು ಮಾಡಿದೆವು. ಮುಂದಿನ ವರ್ಷ ಅವಳು ಬಾವಿಗೆ ಇಳಿದಳು, ಭುಜ ಮತ್ತೆ ಪೂರ್ತಿ ಜಾರಲಿಲ್ಲ. ನಾನು ವರ್ಗವಾಗಿ ಬೇರೆ ಊರುಗಳಿಗೆ ಹೋದೆ. ಕಬಡ್ಡಿ ಆಡುವವರು, ವಾಲಿಬಾಲ್ ಆಡುವವರು, ಪೇಟೆಯ ಈಜುಗೊಳದ ಮಕ್ಕಳು ಎಷ್ಟೋ ಜನ ಬಂದರು. ಎಲ್ಲರಿಗೂ ನೋವು ಎಲ್ಲಿದೆ ಎಂದು ಕೇಳುವ ಮೊದಲು, ನಿನಗೆ ಯಾವಾಗ ಹೆದರಿಕೆಯಾಗುತ್ತದೆ ಎಂದು ಕೇಳುವುದನ್ನು ರೂಢಿ ಮಾಡಿಕೊಂಡೆ. ಜೊತೆಗೆ ಬಂದ ಅಪ್ಪ ಅವ್ವನಿಗೂ ಅದೇ ಪ್ರಶ್ನೆ. ನನ್ನ ಕೆಲಸ ನನಗೆ ಕಲಿಸಿದ್ದು ಇಷ್ಟು: ಹೆದರಿಕೆಯನ್ನು ಬಯ್ದು ಓಡಿಸಲು ಬರುವುದಿಲ್ಲ, ಅದು ಬಂದಾಗ ಏನು ಮಾಡಬೇಕು ಎಂಬುದನ್ನು ಮೊದಲೇ ಕಲಿಸಿ ಇಡಬೇಕು.

ಆ ಪ್ರಶ್ನೆಯನ್ನು ನಾನು ಮೊದಲು ಕೇಳಿದ್ದು ಫಕ್ಕೀರಪ್ಪನಿಗೆ. ಹಳ್ಳಕ್ಕೆ ನೀರು ಬಂದ ಆ ದಿನವೇ, ಅವನ ಅಂಗಾಲಿಗೆ ಹೊಲಿಗೆ ಹಾಕುವಾಗ. ಜಾಲಿ ಮುಳ್ಳು, ಗಾಜಿನ ಚೂರು ಎಲ್ಲವನ್ನೂ ತುಳಿದುಕೊಂಡು ಅವನು ದಂಡೆಯುದ್ದಕ್ಕೂ ಓಡಿದ್ದ. ಅವತ್ತು ಬಾವಿಯ ಹತ್ತಿರ ಯಾಕೆ ಬೆನ್ನು ಮಾಡಿ ಕೂತಿರಿ, ಏನು ಕಂಡು ಹೆದರಿದಿರಿ ಎಂದು ಕೇಳಿದೆ. ಅವನು ಸೂಜಿಯ ನೋವಿಗೆ ಹಲ್ಲು ಕಚ್ಚಿಕೊಂಡೇ ಹೇಳಿದ.

"ನಮ್ಮ ಮುತ್ತು ಸಿಕ್ಕಾಗ ಹಂಗ ಇದ್ದರಿ ಸಾಹೇಬ್ರ. ಅಂಗಾತ. ಎದಿ ಮ್ಯಾಲೆ ಕೈ."

ನಾನು ಮಗಳನ್ನು ಬದುಕಿಸಲು ಕಲಿಸಿದ ಭಂಗಿ, ಅಪ್ಪನ ಕಣ್ಣಿಗೆ ಸತ್ತ ಮಗನದಾಗಿತ್ತು. ಹಳ್ಳದ ದಂಡೆಯ ಮೇಲೆ ಆ ಮನುಷ್ಯ ಅದನ್ನೇ ಇನ್ನೊಮ್ಮೆ ನೋಡುತ್ತ ಓಡಿದ್ದ.

"ಹಂಗಾದರ ಹೆಂಗ ಓಡಿದ್ರಿ?" ಎಂದು ಕೇಳಿದೆ.

"ಕೈ ನೋಡಲಿಲ್ರಿ ನಾ," ಎಂದ ಫಕ್ಕೀರಪ್ಪ. "ಕಾಲು ಬಡಿಯಾಕತ್ತಿದ್ಲು. ಅದನ್ನಷ್ಟ ನೋಡಿಕೋಂತ ಓಡಿದೆ."